ತೂಕದ ಮೇಲೆ ಹಾಕಿದ ಲೆಕ್ಕ

ನಂಜನಗೂಡಿನ ರೈಲ್ವೆ ಸ್ಟೇಷನ್ನಿನಿಂದ ಕೂಗಳತೆಯ ದೂರದಲ್ಲಿದ್ದ ಒಂದು ಕಬ್ಬಿಣದ ಸಾಮಾನಿನ ಕಂಪನಿಯಲ್ಲಿ ನಾನು ಹದಿನಾರು ವರ್ಷ ಗುಮಾಸ್ತನಾಗಿದ್ದೆ. ಅಷ್ಟು ವರ್ಷಗಳಲ್ಲಿ ನಿದ್ದೆಗೆಟ್ಟು ಹೆದರಿದ್ದು ಒಂದೇ ಒಂದು ಕಾರ್ತೀಕ ಮಾಸದಲ್ಲಿ. ಆಗ ನಾನು ಹೆದರಿದ್ದು ನನ್ನ ಕೈಯಲ್ಲೇ ಬರೆದ ಪುಸ್ತಕಗಳಿಗೆ.

ಕಂಪನಿ ಶುರುವಾದಾಗ ನಾವು ಮಾಡುತ್ತಿದ್ದುದು ಒಂದೇ ಪದಾರ್ಥ. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸುವ ದೊಡ್ಡ ಕೊಪ್ಪರಿಗೆ. ಅದನ್ನು ಮಾಡುವ ಶೆಡ್ಡು ಇದ್ದದ್ದು ತಿರುಮಕೂಡಲು ನರಸೀಪುರದಲ್ಲಿ, ಕಪಿಲೆಯ ದಂಡೆಯ ಮೇಲೆ. ಕಬ್ಬಿಣದ ತಗಡು ರೈಲಿನಲ್ಲಿ ನಂಜನಗೂಡಿಗೆ ಬರುತ್ತಿತ್ತು, ಅಲ್ಲಿಂದ ಗಾಡಿಯಲ್ಲಿ ನರಸೀಪುರಕ್ಕೆ ಹೋಗುತ್ತಿತ್ತು. ನಂಜನಗೂಡಿನಲ್ಲಿ ನಮಗಿದ್ದುದು ಒಂದು ಉಗ್ರಾಣ ಮತ್ತು ನನ್ನ ಮೇಜು. ನಾಲ್ಕು ಜನ ಪಾಲುದಾರರಿದ್ದರೂ ಕೆಲಸ ನೋಡುತ್ತಿದ್ದವರು ಒಬ್ಬರೇ. ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದೆವು. ಹಣೆಯ ಮೇಲೆ ಅಗಲವಾದ ವಿಭೂತಿ, ಮೆತ್ತಗಿನ ಮಾತು. ಸಿಟ್ಟು ಬಂದರೆ ಆ ಮಾತು ಇನ್ನೂ ಮೆತ್ತಗಾಗುತ್ತಿತ್ತು.

ಒಂದು ಕೊಪ್ಪರಿಗೆಗೆ ನಮಗೆ ಎಷ್ಟು ಬೀಳುತ್ತದೆ ಎಂದು ತಿಳಿಯದೆ ಬೆಲೆ ಹೇಳುವುದು ಹೇಗೆ? ತಗಡಿನ ಕ್ರಯ ಗೊತ್ತಿತ್ತು, ಕೂಲಿ ಗೊತ್ತಿತ್ತು. ಇದ್ದಿಲು, ಸಲಕರಣೆ, ಶೆಡ್ಡಿನ ಬಾಡಿಗೆ, ಮೇಸ್ತ್ರಿಯ ಸಂಬಳ, ಗಾಡಿ ಬಾಡಿಗೆ, ನನ್ನ ಸಂಬಳ, ಇವನ್ನು ಯಾವುದರ ತಲೆಗೆ ಎಷ್ಟು ಕಟ್ಟಬೇಕು ಎಂಬುದೇ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ನಾನು ಒಂದು ಉಪಾಯ ಹೇಳಿದೆ. ಇಂಥ ಖರ್ಚನ್ನೆಲ್ಲ ಒಂದೇ ಗುಡ್ಡೆ ಹಾಕುವುದು, ಅದಕ್ಕೆ ಮೇಲ್ಖರ್ಚು ಎಂದು ಹೆಸರಿಡುವುದು, ವರ್ಷದಲ್ಲಿ ಎಷ್ಟು ಮಣ ಸಾಮಾನು ಮಾಡಿದೆವೋ ಅಷ್ಟಕ್ಕೆ ಅದನ್ನು ಹಂಚುವುದು. ಮಣಕ್ಕೆ ಒಂದು ರೂಪಾಯಿ ಬಿತ್ತು. ಎಂಟು ಮಣದ ಕೊಪ್ಪರಿಗೆಗೆ ಎಂಟು ರೂಪಾಯಿ. ಲೆಕ್ಕ ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಯಜಮಾನರು ಪಾಲುದಾರರ ಎದುರಿಗೆ ನನಗೆ ಒಂದು ಜರಿಯಂಚಿನ ಪಂಚೆ ಕೊಟ್ಟರು. ನನ್ನ ಹೆಂಡತಿ ಅದನ್ನು ಹಬ್ಬಕ್ಕೆಂದು ಎತ್ತಿಟ್ಟಳು.

ಆರೇಳು ವರ್ಷವಾದ ಮೇಲೆ ನಾವು ಬೀಗ ಮಾಡಲು ತೊಡಗಿದೆವು. ಕಚೇರಿಗಳಿಗೆ, ಇಸ್ಕೂಲುಗಳಿಗೆ, ಅಂಗಡಿಗಳಿಗೆ ಬೀಗದ ಬೇಡಿಕೆ ಹೆಚ್ಚುತ್ತಿತ್ತು. ನಂಜನಗೂಡಿನ ಉಗ್ರಾಣದ ಪಕ್ಕದಲ್ಲಿ ಹೊಸ ಶೆಡ್ಡು ಎದ್ದಿತು. ಒಂದು ಬೀಗಕ್ಕೆ ಕಬ್ಬಿಣ, ಹಿತ್ತಾಳೆ, ಕೂಲಿ ಸೇರಿ ನಾಲ್ಕೂವರೆ ಆಣೆ. ಬೀಗ ತೂಗುತ್ತಿದ್ದುದು ಅರ್ಧ ಸೇರು, ಆದ್ದರಿಂದ ನನ್ನ ಲೆಕ್ಕದ ಪ್ರಕಾರ ಅದರ ಪಾಲಿಗೆ ಬಂದ ಮೇಲ್ಖರ್ಚು ಅರ್ಧಾಣೆಗೂ ಕಡಿಮೆ. ಆರೂವರೆ ಆಣೆಗೆ ಮಾರಿದರೆ ಒಂದೂವರೆ ಆಣೆ ಲಾಭ. ವರ್ಷವರ್ಷಕ್ಕೂ ಬೀಗದ ವ್ಯಾಪಾರ ಏರಿತು. ಅದರ ಜೊತೆಗೆ ಮೇಲ್ಖರ್ಚೂ ಏರಿ, ಮಣಕ್ಕೆ ಒಂದು ರೂಪಾಯಿ ಇದ್ದದ್ದು ಎರಡು ರೂಪಾಯಿಗೆ ಬಂದು ನಿಂತಿತು. ಕೊಪ್ಪರಿಗೆಯ ತಲೆಗೆ ಹದಿನಾರು ರೂಪಾಯಿ ಬಿತ್ತು. ಬೆಲೆ ಏರಿಸಿದೆವು, ಗಿರಾಕಿ ಕಡಿಮೆಯಾದರು. ಇದ್ದಿಲು ತುಟ್ಟಿಯಾಯಿತು, ಕಾಲ ಕೆಟ್ಟಿತು ಎಂದುಕೊಂಡು ನಾನು ಸುಮ್ಮನಿದ್ದೆ.

ಬೀಗ ಶುರುವಾದ ನಾಲ್ಕನೆಯ ವರ್ಷ ದೀಪಾವಳಿಗೆ ಲೆಕ್ಕ ಮುಗಿಸಿದೆ. ಹಿಂದಿನ ಯಾವ ವರ್ಷಕ್ಕಿಂತಲೂ ಹೆಚ್ಚು ಸಾಮಾನು ಮಾರಿದ್ದೆವು. ಪೆಟ್ಟಿಗೆಯಲ್ಲಿ ಹಣ ಹಿಂದಿನ ಯಾವ ವರ್ಷಕ್ಕಿಂತಲೂ ಕಡಿಮೆ ಇತ್ತು. ಮೂರು ಸಲ ಕೂಡಿದೆ. ಮೂರು ಸಲವೂ ಅದೇ ಬಂತು.

ಯಜಮಾನರು ಪುಸ್ತಕ ನೋಡಿ ಮುಚ್ಚಿಟ್ಟರು. ಮಾರನೆಯ ದಿನ ಪಾಲುದಾರರೊಬ್ಬರ ಅಂಗಡಿಯಿಂದ ಬೇರೊಬ್ಬ ಗುಮಾಸ್ತ ಬಂದು ಉಗ್ರಾಣದ ಕಬ್ಬಿಣವನ್ನೆಲ್ಲ ತೂಗಿಸತೊಡಗಿದ.

"ತಪ್ಪು ತಿಳೀಬೇಡಿ ಗುಮಾಸ್ತ್ರೇ," ಎಂದರು ಯಜಮಾನರು. "ಸುಮ್ನೆ ಒಂದ್ಸಲ ನೋಡಿಸ್ತಾ ಇದೀನಿ."

ಎರಡು ದಿನ ತಕ್ಕಡಿಯ ಸದ್ದು ಕೇಳುತ್ತ ನನ್ನ ಮೇಜಿನ ಮುಂದೆ ಕೂತಿದ್ದೆ. ಮನೆಯಲ್ಲಿ ಊಟ ಸೇರಲಿಲ್ಲ. ಹೆಂಡತಿ ತಟ್ಟೆ ನೋಡಿ, "ಯಾಕೆ, ಮೈ ಸರಿಯಿಲ್ವೇ?" ಎಂದಳು. ನನ್ನ ಮೇಲೆ ಕಳ್ಳತನದ ಗುಮಾನಿ ಬಂದಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಕೊನೆಗೆ ತೂಕ ಸರಿಯಾಗಿ ಬಂತು, ಒಂದು ಸೇರು ಕಬ್ಬಿಣವೂ ಕಳೆದಿರಲಿಲ್ಲ. ಸಮಾಧಾನವಾಗಬೇಕಿತ್ತು. ಆದರೆ ಕಳ್ಳನಿಲ್ಲದಿದ್ದರೆ ಹಣ ಹೋದದ್ದೆಲ್ಲಿ ಎಂಬ ಪ್ರಶ್ನೆ ಈಗ ನೇರವಾಗಿ ನನ್ನ ಮುಂದೆ ಬಂದು ಕೂತಿತು.

ಯಜಮಾನರಿಗೆ ಉತ್ತರ ಸಿಕ್ಕಿತು, ಅದೂ ನನ್ನ ಪುಸ್ತಕದಲ್ಲೇ. "ನೀವೇ ಬರೆದಿದೀರಲ್ಲ, ಕೊಪ್ಪರಿಗೇಲಿ ನಷ್ಟ, ಬೀಗದಲ್ಲಿ ಲಾಭ ಅಂತ. ನರಸೀಪುರದ ಶೆಡ್ಡು ಮುಚ್ಚಿಬಿಡೋಣ. ಬೀಗ ಮಾತ್ರ ಮಾಡೋಣ." ಹನ್ನೊಂದು ಜನ ಕೆಲಸಗಾರರ ಲೆಕ್ಕ ಚುಕ್ತಾ ಮಾಡಿ, ಮೇಸ್ತ್ರಿಯಿಂದ ಬೀಗದ ಕೈ ತೆಗೆದುಕೊಂಡು ಬರಬೇಕೆಂದು ಕಾಗದ ಬರೆಸಿ ನನ್ನ ಕೈಗೇ ಕೊಟ್ಟರು.

ಹೊರಡುವ ಹಿಂದಿನ ದಿನ ಒಂದು ಸಣ್ಣ ಘಟನೆ ನಡೆಯಿತು. ನಮ್ಮ ಬೀಗಗಳನ್ನು ಸಗಟಾಗಿ ಕೊಳ್ಳುತ್ತಿದ್ದ ಮೈಸೂರಿನ ವರ್ತಕರೊಬ್ಬರು ಬಂದಿದ್ದರು. ಕಟ್ಟುವ ಹಗ್ಗಕ್ಕೂ ಚೌಕಾಸಿ ಮಾಡುವ ಮನುಷ್ಯ. ನನ್ನ ಮನಸ್ಸು ಎಲ್ಲೋ ಇತ್ತು. ಬೀಗದ ಬೆಲೆ ಹೇಳುವಾಗ ಆರೂವರೆ ಎನ್ನುವ ಬದಲು ಏಳೂವರೆ ಆಣೆ ಎಂದುಬಿಟ್ಟೆ. ಅವರು ಕಣ್ಣೂ ಮಿಟುಕಿಸದೆ, "ಆಗ್ಲಿ. ಈ ತಿಂಗಳು ಇನ್ನೂರು ಹೆಚ್ಚಿಗೆ ಕಳ್ಸಿ," ಎಂದರು.

ತಪ್ಪಾಯಿತೆಂದು ತಿದ್ದಿಕೊಂಡೆ. ಅವರು ನಕ್ಕರು. "ಆರೂವರೆಗೇ ಕೊಡ್ತೀರಾ? ಒಳ್ಳೇದಾಯ್ತು. ಮದ್ರಾಸಿನ ಬೀಗ ಒಂಬತ್ತಾಣೆಗೆ ಕಮ್ಮಿ ನಮಗೇ ಸಿಕ್ಕಲ್ಲ. ನೀವು ಹೆಂಗೆ ಕೊಡ್ತೀರೋ ಆ ನಂಜುಂಡೇಶ್ವರನಿಗೇ ಗೊತ್ತು."

ಅವರು ಹೋದ ಮೇಲೆ ಆ ಮಾತು ಅಂಗಾಲಿಗೆ ಚುಚ್ಚಿದ ಮುಳ್ಳಿನಂತೆ ಉಳಿಯಿತು. ಮದ್ರಾಸಿನಲ್ಲಿ ನಮಗಿಂತ ದೊಡ್ಡ ಕಾರ್ಖಾನೆಗಳಿದ್ದವು. ಅವರಿಗೆ ಆಗದ ಬೆಲೆ ನಮಗೆ ಹೇಗೆ ಆಗುತ್ತಿತ್ತು?

ಬೆಳಗಿನ ಜಾವ ಗಾಡಿ ಹತ್ತಿದವನು ಮಧ್ಯಾಹ್ನ ಇಳಿಯುವ ಹೊತ್ತಿಗೆ ನರಸೀಪುರ ಸೇರಿದೆ. ದಾರಿಯುದ್ದಕ್ಕೂ ಒಳಜೇಬಿನ ಕಾಗದವನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ. ಕೊಪ್ಪರಿಗೆಯ ಮೇಸ್ತ್ರಿ ಐವತ್ತು ದಾಟಿದ ಒಕ್ಕಲು ಮನೆಯವರು. ಬಲಗಿವಿ ಸುತ್ತಿಗೆಯ ಸದ್ದಿಗೆ ಕಿವುಡಾಗಿತ್ತು. "ಬನ್ನಿ ಸಾಮಿ, ಬಿಸ್ಲಲ್ಲಿ ಬಂದಿದ್ದೀರಿ, ಕುಂತ್ಕಳಿ," ಎಂದು ಮಣೆ ಹಾಕಿ, ಮಜ್ಜಿಗೆ ತರಿಸಿದರು. ಹನ್ನೊಂದು ಜನರೂ ಸುತ್ತಿಗೆ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. ಕಾಗದ ತೆಗೆಯಲು ಕೈ ಏಳಲಿಲ್ಲ. ಮಜ್ಜಿಗೆ ಕುಡಿದೆ.

ಅಷ್ಟರಲ್ಲಿ ರೈತರೊಬ್ಬರು ಕೊಪ್ಪರಿಗೆ ಕೇಳಿಕೊಂಡು ಬಂದರು. ಹುಲ್ಲಹಳ್ಳಿ ನಾಲೆಯ ಬಯಲಿನವರು, ನರಸೀಪುರದಲ್ಲಿ ನೆಂಟರ ಮನೆಗೆ ಬಂದಿದ್ದರು. ಕೊಪ್ಪರಿಗೆಯ ಅಂಚನ್ನು ಬೆರಳಿನಿಂದ ತಟ್ಟಿ ನೋಡಿ ಮೆಚ್ಚಿದರು. ಬೆಲೆ ಕೇಳಿದ ಕೂಡಲೇ ಮುಖ ಬಾಡಿತು.

"ಮೈಸೂರ್ ಪ್ಯಾಟೇಲಿ ಏಳ್ ರೂಪಾಯ್ ಕಮ್ಮಿಗೆ ಕೊಡ್ತಾವ್ರಲ್ಲಪ್ಪಾ. ನಿಮ್ದೇ ಚೆಂದಾಗದೆ, ಆದ್ರೂ ಏಳ್ ರೂಪಾಯ್ ಅಂದ್ರೆ ಎಂಗೆ?" ಎಂದು ಹೇಳಿ ಹೊರಟುಹೋದರು.

ಮೇಸ್ತ್ರಿ ಆ ರೈತರು ಹೋದ ದಾರಿಯನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಈ ತಿಂಗ್ಳಲ್ಲಿ ಇವ್ರು ಒಂಬತ್ತನೇವ್ರು ಸಾಮಿ. ಆ ಬೆಲೇಗೆ ನಾವೂ ಕೊಡ್ಬೋದು. ಕೊಟ್ರೂ ಕೈ ಕಚ್ಚಾಕಿಲ್ಲ," ಎಂದರು.

"ಕಚ್ಚುತ್ತೆ ಮೇಸ್ತ್ರಿ. ಒಂದಕ್ಕೆ ಹದಿನಾರು ರೂಪಾಯಿ ಮೇಲ್ಖರ್ಚು ಬೀಳ್ತಾ ಇದೆ."

"ಯಾರೇಳಿದ್ದು?"

"ಪುಸ್ತಕ."

"ನಿಮ್ ಪುಸ್ತಕ ನಂಗೊತ್ತಿಲ್ಲ. ಇಲ್ ಬನ್ನಿ," ಎಂದು ನನ್ನನ್ನು ಶೆಡ್ಡಿನ ಹಿಂದಿನ ಗೋಡೆಯ ಹತ್ತಿರ ಕರೆದುಕೊಂಡು ಹೋದರು.

ಸುಣ್ಣದ ಗೋಡೆಯ ತುಂಬ ಇದ್ದಿಲಿನ ಗೀಟುಗಳು. ಉದ್ದ ಗೀಟು, ಗಿಡ್ಡ ಗೀಟು, ಸೊನ್ನೆ. ಅವರಿಗೆ ಓದು ಬರುತ್ತಿರಲಿಲ್ಲ. ಉದ್ದ ಗೀಟು ಒಂದು ಕೊಪ್ಪರಿಗೆ. ಗಿಡ್ಡ ಗೀಟು ಒಂದು ಮಕ್ಕರಿ ಇದ್ದಿಲು. ಸೊನ್ನೆ ಎಂದರೆ ಸಲಕರಣೆ ಮುರಿದದ್ದು. ಮೂರು ವರ್ಷದಿಂದ ಪ್ರತಿಯೊಂದು ಕೊಪ್ಪರಿಗೆಗೂ ಎಷ್ಟು ಇದ್ದಿಲು ಸುಟ್ಟಿತು, ಎಷ್ಟು ಸಲಕರಣೆ ಮುರಿಯಿತು ಎಂದು ಗುರುತು ಹಾಕಿಟ್ಟಿದ್ದರು. ಅವರು ಬೆರಳಿಟ್ಟು ಹೇಳುತ್ತ ಹೋದರು, ನಾನು ಬರೆದುಕೊಳ್ಳುತ್ತ ಹೋದೆ.

"ಮೂರು ವರ್ಷದಿಂದ ಯಾಕೆ ಬರೀತಾ ಇದೀರಿ?" ಎಂದೆ.

"ನಂಜನಗೂಡಿಂದ ಬೆಲೆ ಏರ್ಸಿ ಚೀಟಿ ಬತ್ತಿತ್ತಲ್ಲ, ನಂಬ್ಕೆ ಬರ್ನಿಲ್ಲ ಸಾಮಿ. ಇಲ್ ಏನೂ ಎಚ್ಚಾಗಿಲ್ಲ. ಅದೇ ಸುತ್ಗೆ, ಅದೇ ಕುಲ್ಮೆ. ಮತ್ ಬೆಲೆ ಯಾಕ್ ಏರ್ತದೆ ಅಂತ ನಾನೇ ಗುರ್ತ್ ಆಕ್ಕಂಡೆ."

"ನನಗೆ ಹೇಳಿ ಕಳಿಸಬಹುದಾಗಿತ್ತಲ್ಲ?"

"ಯೋಳ್ದೆ. ನೀವು ಇದ್ಲು ತುಟ್ಟಿ ಅಂದ್ರಿ."

ನಿಜ, ಅಂದಿದ್ದೆ. ಜಗಲಿಯ ಮೇಲೆ ಕೂತು ಅವರ ಗೀಟುಗಳನ್ನು ರೂಪಾಯಿಗೆ ತಿರುಗಿಸಿದೆ. ಬಾಡಿಗೆ, ಮೇಸ್ತ್ರಿಯ ಸಂಬಳ, ನನ್ನ ಸಂಬಳದಲ್ಲಿ ಒಂದು ಪಾಲು, ಎಲ್ಲವನ್ನೂ ಧಾರಾಳವಾಗಿಯೇ ಸೇರಿಸಿದೆ. ಒಂದು ಕೊಪ್ಪರಿಗೆಗೆ ಎಂಟು ರೂಪಾಯಿ ದಾಟಲಿಲ್ಲ. ಹತ್ತು ವರ್ಷದ ಹಿಂದೆ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ. ಕೊಪ್ಪರಿಗೆಗೆ ಎಂಟೇ ರೂಪಾಯಿ ಆಗುತ್ತಿದ್ದರೆ ಮಿಕ್ಕ ಎಂಟು ರೂಪಾಯಿ ಯಾರದ್ದು? ಯಾರ ಹೊರೆಯನ್ನು ತಂದು ನಾನು ಈ ಕೊಪ್ಪರಿಗೆಯ ತಲೆಯ ಮೇಲೆ ಹೊರಿಸುತ್ತಿದ್ದೆ?

"ಯಾಕ್ ಸಾಮಿ, ಸುಮ್ಕಾದ್ರಿ? ನನ್ ಗ್ವಾಡೆ ಲೆಕ್ಕ ತಪ್ಪಾ?"

"ಇಲ್ಲ ಮೇಸ್ತ್ರಿ. ನನ್ನದು ತಪ್ಪಿರಬೇಕು."

ಅವರು ಹತ್ತಿರ ಬಂದು ದನಿ ತಗ್ಗಿಸಿದರು. "ನಿಮ್ ಜೇಬಲ್ಲಿರೋ ಕಾಗ್ದ ಏನು ಅಂತ ನಂಗೊತ್ತು. ಗಾಡಿಯೋರು ಮೊನ್ನೇನೆ ಯೋಳವ್ರೆ. ಕೊಡಾದಿದ್ರೆ ಕೊಟ್ಬಿಡಿ. ಇಲ್ದಿದ್ರೆ ಇಲ್ಲ ಅನ್ನಿ. ಈ ಉಡುಗ್ರು ಎರಡ್ ದಿನದಿಂದ ಅನ್ನ ಸರ್ಯಾಗ್ ಉಣ್ತಿಲ್ಲ."

ನಾನು ಎದ್ದು ನಿಂತೆ. "ಎಂಟು ದಿನ ತಡೀರಿ. ಕೆಲಸ ನಿಲ್ಲಿಸಬೇಡಿ," ಎಂದೆ. ಹಾಗೆ ಹೇಳಲು ನನಗೆ ಯಾರೂ ಅಧಿಕಾರ ಕೊಟ್ಟಿರಲಿಲ್ಲ. ವಾಪಸು ಬರುವಾಗ ಗಾಡಿಯಲ್ಲಿ ಅದೇ ಯೋಚನೆ. ಯಜಮಾನರ ಕಾಗದವನ್ನು ಮುಟ್ಟಿಸದೆ ಹಿಂದಕ್ಕೆ ತರುತ್ತಿದ್ದೆ. ಕೆಲಸ ಹೋದರೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ನಾನೇ ಪಂಚೆ ಗಿಟ್ಟಿಸಿಕೊಂಡ ಲೆಕ್ಕ ತಪ್ಪು ಎಂದು ಯಾವ ಮುಖದಿಂದ ಹೇಳುವುದು?

ಯಜಮಾನರು ಆ ವಾರ ಊರಿನಲ್ಲಿರಲಿಲ್ಲ. ಅದು ನನ್ನ ಪುಣ್ಯ. ನಾನು ವಾಪಸು ಬಂದ ಮಾರನೆಯ ದಿನವೇ ಬೀಗದ ಶೆಡ್ಡಿನ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂತೆ. ಅಲ್ಲಿನ ಮೇಸ್ತ್ರಿಗೆ ಅದು ಹಿಡಿಸಲಿಲ್ಲ. "ಏನ್ ಸಾಮಿ, ನಮ್ ಮೇಲೆ ಕಾವಲಾ?" ಎಂದ. ಲೆಕ್ಕಕ್ಕೆ ಎಂದೆ. ನಾಲ್ಕು ವರ್ಷದಲ್ಲಿ ಒಂದು ದಿನವೂ ನಾನು ಅಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ನಿಂತಿರಲಿಲ್ಲ ಎಂಬುದು ಆಗ ನೆನಪಾಯಿತು.

ಬೀಗ ಸಣ್ಣದು, ಅದರ ಕೆಲಸ ಸಣ್ಣದಲ್ಲ. ಅದರ ಹೊಟ್ಟೆಯೊಳಗಿನ ಒಂದೊಂದು ತುಂಡನ್ನೂ ಕಾಯಿಸಬೇಕು, ಉಜ್ಜಬೇಕು, ಮತ್ತೆ ಕಾಯಿಸಿ ಹಿತ್ತಾಳೆಯ ಬೆಸುಗೆ ಹಾಕಬೇಕು. ಉಜ್ಜುವ ಅರಗಳು ಸೀಮೆಯಿಂದ ಹಡಗಿನಲ್ಲಿ ಬರುತ್ತಿದ್ದವು, ಹತ್ತು ಹದಿನೈದು ಬೀಗಕ್ಕೆ ಒಂದು ಸವೆದುಹೋಗುತ್ತಿತ್ತು. ಕೀಲಿಕೈ ಸರಿಯಾಗಿ ಕೂರದ ಬೀಗಗಳು ಒಂದು ಗೋಣಿಚೀಲದಲ್ಲಿ ಬಿದ್ದಿದ್ದವು. ಕಚೇರಿಗಳಿಂದ ತಿರುಗಿ ಬಂದವು ಇನ್ನೊಂದು ಚೀಲದಲ್ಲಿ. ಮರದ ಪೆಟ್ಟಿಗೆ, ಹುಲ್ಲು, ರೈಲು ಬಾಡಿಗೆ. ನಾನು ದಿನವೂ ಬರೆಯುತ್ತಿದ್ದ ಕಾಗದಗಳಲ್ಲಿ ಮುಕ್ಕಾಲು ಪಾಲು ಬೀಗದ ತಕರಾರುಗಳೇ ಆಗಿದ್ದವು. ಇದೆಲ್ಲವನ್ನೂ ನಾನು ಒಂದೇ ಗುಡ್ಡೆಗೆ ಹಾಕಿದ್ದೆ. ಹಾಕಿ, ತೂಕ ನೋಡಿ ಹಂಚಿದ್ದೆ. ತೂಕವಿದ್ದದ್ದು ಕೊಪ್ಪರಿಗೆಗೆ ಮಾತ್ರ.

ನಾಲ್ಕು ದಿನ ಎಣಿಸಿದೆ. ಬೀಗವೊಂದಕ್ಕೆ ಮೇಲ್ಖರ್ಚು ಮೂರಾಣೆಗೆ ಕಡಿಮೆ ಬರಲಿಲ್ಲ. ಏಳೂವರೆ ಆಣೆ ಬೀಳುವ ಸಾಮಾನನ್ನು ಆರೂವರೆಗೆ ಮಾರುತ್ತಿದ್ದೆವು. ಹೆಚ್ಚು ಮಾರಿದಷ್ಟೂ ಹೆಚ್ಚು ಕಳೆದುಕೊಳ್ಳುತ್ತಿದ್ದೆವು. ನಷ್ಟ ಮಾಡುವ ಶೆಡ್ಡನ್ನು ಉಳಿಸಿಕೊಂಡು ಅನ್ನ ಹಾಕುವ ಶೆಡ್ಡನ್ನು ಮುಚ್ಚಲು ಹೊರಟಿದ್ದೆವು.

ಯಜಮಾನರು ಬಂದ ದಿನ ಬೆಳಿಗ್ಗೆಯೇ ಅವರ ಮುಂದೆ ನಿಂತು ಮೊದಲು ಕಾಗದವನ್ನು ಮೇಜಿನ ಮೇಲಿಟ್ಟೆ. ಒಡೆಯದ ಕಾಗದ ನೋಡಿ ಅವರು ತಲೆ ಎತ್ತಿದರು.

"ಮುಚ್ಚಲಿಲ್ವೇ?"

"ಇಲ್ಲ ಯಜಮಾನ್ರೇ. ನನ್ನ ಲೆಕ್ಕ ತಪ್ಪು."

"ಎಲ್ಲಿ ತಪ್ಪು? ಕೂಡೋದ್ರಲ್ಲೇ?"

"ಕೂಡಿದ್ದು ಸರಿಯಾಗಿದೆ. ಹಂಚಿದ್ದು ತಪ್ಪು. ಕೊಪ್ಪರಿಗೆ ಮಾತ್ರ ಮಾಡ್ತಿದ್ದಾಗ ತೂಕದ ಮೇಲೆ ಹಂಚಿದ್ರೆ ನಡೀತಿತ್ತು. ಬೀಗ ಬಂದ ದಿನವೇ ಆ ಲೆಕ್ಕ ಬದಲಾಯಿಸಬೇಕಿತ್ತು. ನನಗೆ ಹೊಳೀಲಿಲ್ಲ."

ನನ್ನ ಹಾಳೆಗಳನ್ನು ಅವರು ಒಂದೊಂದಾಗಿ ನೋಡಿದರು. ದನಿ ತೀರ ಮೆತ್ತಗಾಯಿತು. "ಹತ್ತು ವರ್ಷ ನಿಮ್ಮ ಮಾತು ನಂಬಿ ಬೆಲೆ ಹೇಳಿದೀನಿ. ಈಗ ಓದು ಬರದ ಮೇಸ್ತ್ರಿಯ ಗೋಡೆ ನಂಬು ಅಂತೀರಿ. ನಾಳೆ ಇನ್ನೊಂದು ಗೋಡೆ ತೋರಿಸೋಲ್ಲ ಅಂತ ಏನು ನಂಬಿಕೆ?"

"ನನ್ನನ್ನ ನಂಬಬೇಡಿ. ಒಂದು ದಿನ ಬೀಗದ ಶೆಡ್ಡಲ್ಲಿ ಕೂತು ನೀವೇ ನೋಡಿ."

ಅವರು ಎದ್ದು ಹೋದರು. ಕೆಲಸ ಹೋಯಿತು ಎಂದೇ ತಿಳಿದೆ. ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ. "ತಪ್ಪು ಅಂತ ನೀವೇ ಹೇಳಿದ್ರಲ್ಲ. ಬೇರೆಯವ್ರು ಬಂದು ಹೇಳೋ ಹಾಗಾಗಿದ್ರೆ ಏನ್ಮಾಡ್ತಿದ್ರಿ?" ಎಂದಳು.

ಮಾರನೆಯ ದಿನ ಕಂಪನಿಗೆ ಹೋದರೆ ಯಜಮಾನರು ಬೀಗದ ಶೆಡ್ಡಿನಲ್ಲಿ ನನ್ನ ಚಾಪೆಯ ಮೇಲೆಯೇ ಕೂತಿದ್ದರು. ಕೈಯಲ್ಲಿ ಸವೆದ ಅರ. ಬೆಳಿಗ್ಗೆಯಿಂದ ಸಂಜೆಯವರೆಗೆ ಕದಲಲಿಲ್ಲ, ಊಟವನ್ನೂ ಅಲ್ಲಿಗೇ ತರಿಸಿಕೊಂಡರು. ಸಂಜೆ ಎದ್ದು, ತಿರುಗಿ ಬಂದ ಬೀಗಗಳ ಚೀಲವನ್ನು ನನ್ನ ಮೇಜಿನ ಪಕ್ಕ ಇಡಿಸಿ, "ಇದು ನಿಮ್ಮ ಕಣ್ಮುಂದೇನೇ ಇರ್ಲಿ," ಎಂದರು. ಅಷ್ಟೇ.

ಆ ತಿಂಗಳೇ ಹೊಸ ಲೆಕ್ಕ ಶುರುವಾಯಿತು. ಇದ್ದಿಲನ್ನು ಶೆಡ್ಡುವಾರು ಅಳೆದು ಬರೆಯುವುದು, ಅರ ಯಾರಿಗೆ ಕೊಟ್ಟರೆ ಅವರ ಹೆಸರಿಗೆ ಹಾಕುವುದು, ತಿರುಗಿ ಬಂದ ಬೀಗದ ಖರ್ಚು ಬೀಗಕ್ಕೇ. ಬರವಣಿಗೆ ಮೂರು ಪಟ್ಟಾಯಿತು. ಅದಕ್ಕೆಂದು ಇನ್ನೊಬ್ಬ ಗುಮಾಸ್ತ ಬಂದ. ನಾನು ಬರೆದದ್ದನ್ನು ಅವನು ತಾಳೆ ನೋಡಬೇಕೆಂದು ಯಜಮಾನರ ಅಪ್ಪಣೆ. ಅವಮಾನವೆನಿಸಿತು, ಆದರೆ ನುಂಗಿಕೊಂಡೆ. ಬೀಗದ ಬೆಲೆ ಒಂಬತ್ತಾಣೆ ಮಾಡಿದೆವು. ಮೈಸೂರಿನ ವರ್ತಕರು ಗೊಣಗಿದರು, ಮುಂಚೆ ಕೊಳ್ಳುತ್ತಿದ್ದುದರ ಅರ್ಧದಷ್ಟು ಕೊಂಡರು. ಕೊಪ್ಪರಿಗೆಯ ಬೆಲೆ ಇಳಿಸಿದೆವು. ಆಲೆ ಆಡುವ ಕಾಲ ಮುಗಿಯುವ ಮುಂಚೆ ನರಸೀಪುರದಲ್ಲಿ ಇದ್ದಬದ್ದ ಕೊಪ್ಪರಿಗೆಗಳೆಲ್ಲ ಖರ್ಚಾದವು.

ಎಲ್ಲವೂ ಸರಿಹೋಗಲಿಲ್ಲ. ಹನ್ನೊಂದು ಜನರಲ್ಲಿ ಒಬ್ಬ, ಹೆಡತಲೆ ಎಂಬ ಹಳ್ಳಿಯವನು, ರಿವೀಟು ಬಡಿಯುವುದರಲ್ಲಿ ಅವನಂಥ ಕೈ ಇರಲಿಲ್ಲ. ಶೆಡ್ಡು ಮುಚ್ಚುತ್ತಾರೆಂಬ ಸುದ್ದಿ ಕೇಳಿ, ನಾನು ಎಂಟು ದಿನ ಎಂದದ್ದನ್ನು ನಂಬದೆ, ಹೆಂಡತಿಯನ್ನು ಕರೆದುಕೊಂಡು ಕೋಲಾರದ ಗಣಿಗೆ ಹೊರಟುಹೋಗಿದ್ದ. ಅವನನ್ನು ಹಿಂದಕ್ಕೆ ಕರೆಸಲು ನಾನೇ ಹೆಡತಲೆಗೆ ಹೋದೆ. ಅವನ ತಾಯಿ ಬಾಗಿಲಲ್ಲಿ ರಾಗಿ ಕೇರುತ್ತಿದ್ದರು.

"ಓದ ಕಣಪ್ಪಾ. ಗಣಿಯೊಳೀಕೆ ಇಳೀತಾನಂತೆ. ಕೆಲ್ಸ ಓಯ್ತು ಅಂದ್ರಲ್ಲ, ಮತ್ತೇನ್ ಮಾಡಾನು?"

"ಹೋಗಿಲ್ಲಮ್ಮ, ಕೆಲಸ ಇದೆ," ಎಂದೆ.

"ಮುಂಚೇನೇ ಯೋಳ್ಬಾರ್ದಿತ್ತಾ," ಎಂದು ಮತ್ತೆ ಮೊರ ಕೈಗೆತ್ತಿಕೊಂಡರು. ಅವನಿಗೆ ಕಾಗದ ಬರೆದೆ. ಉತ್ತರ ಬರಲಿಲ್ಲ. ಅವನು ಮತ್ತೆ ಈ ಕಡೆಗೆ ಬರಲೂ ಇಲ್ಲ.

ಮೂರು ವರ್ಷ ಕಳೆದ ಮೇಲೆ ಕಂಪನಿ ಗಾಡಿಯ ಅಚ್ಚುಗಳನ್ನು ಮಾಡಲು ಹೊರಟಿತು. ಮೊದಲನೆಯ ಅಚ್ಚು ಕುಲುಮೆಯಿಂದ ಹೊರಬರುವ ಮುಂಚೆಯೇ ಯಜಮಾನರು ನನ್ನನ್ನು ಕರೆದು, "ಈಗಿನ ಲೆಕ್ಕ ಇದಕ್ಕೂ ಆಗುತ್ತೇನ್ರೀ?" ಎಂದು ಕೇಳಿದರು.

"ಗೊತ್ತಿಲ್ಲ ಯಜಮಾನ್ರೇ. ಕುಲುಮೆ ಹತ್ರ ಒಂದು ವಾರ ಕೂತು ನೋಡಿ ಹೇಳ್ತೀನಿ," ಎಂದೆ.

"ಕೂತ್ಕೊಳ್ಳಿ. ಅಲ್ಲೀವರೆಗೆ ನಾನು ಯಾರಿಗೂ ಬೆಲೆ ಹೇಳಲ್ಲ," ಎಂದರು.